ವಿಳಾಸ ಒಂದು, ರೌಟರ್ ಎರಡು

ಬಂಟ್ವಾಳ, ಬೆಳ್ತಂಗಡಿ ಕಡೆ ಏಪ್ರಿಲ್-ಮೇ ಸಿಡಿಲಿನ ಕಾಲ. ಘಟ್ಟದ ದಿಕ್ಕಿನಲ್ಲಿ ಗುಡುಗಿದರೆ ಮನೆಯವರು ಮೋಡೆಮ್‌ನ ವಯರ್ ಕಿತ್ತಿಡುತ್ತಾರೆ. ಸಹಕಾರಿ ಸಂಘದ ಕೌಂಟರಿನಲ್ಲಿ ಹಾಗೆ ಮಾಡುವಂತಿಲ್ಲ, ಎದುರಿಗೆ ಪಾಸ್‌ಬುಕ್ ಹಿಡಿದವರ ಸಾಲಿರುತ್ತದೆ. ಎರಡು ರೌಟರ್ ತಂದಿಟ್ಟರೂ ಸಾಲದು. ಕಚೇರಿಯ ಪ್ರತಿ ಕಂಪ್ಯೂಟರಿಗೂ ಹೊರಹೋಗುವ ದಾರಿಯೆಂದು ಗೊತ್ತಿರುವುದು ಒಂದೇ ಐಪಿ ವಿಳಾಸ. ಆ ವಿಳಾಸದ ರೌಟರ್ ಸುಟ್ಟರೆ, ಪಕ್ಕದ್ದು ದೀಪ ಮಿನುಗಿಸುತ್ತ ಕೂತಿದ್ದರೂ ಪ್ರಯೋಜನವಿಲ್ಲ.

ಮೂಡುಬಿದಿರೆಯ ಜೈನ ಮಠದ ಪೀಠವೇರಿದವರೆಲ್ಲರೂ ಚಾರುಕೀರ್ತಿ ಭಟ್ಟಾರಕರೇ, ಹೆಸರು ಪೀಠದ್ದು. ವಿಆರ್‌ಆರ್‌ಪಿ ಎಂಬ ಪದ್ಧತಿಯೂ ವಿಳಾಸವನ್ನು ಪೆಟ್ಟಿಗೆಯಿಂದ ಬಿಡಿಸಿ ಹೀಗೆ ಸ್ಥಾನಕ್ಕೆ ಕಟ್ಟುತ್ತದೆ. 1998ರಲ್ಲಿ ಇದು ಪ್ರಕಟವಾಗುವ ಮೊದಲೇ ಸಿಸ್ಕೊ ಕಂಪನಿಯ ಎಚ್‌ಎಸ್‌ಆರ್‌ಪಿ (ನಂಬರ್ ಪ್ಲೇಟಲ್ಲ!) ಬಳಕೆಯಲ್ಲಿತ್ತು. ಸಿಸ್ಕೊದ ಪೇಟೆಂಟ್ ತಕರಾರಿಗೆ ಬೇಸತ್ತ ಓಪನ್‌ಬಿಎಸ್‌ಡಿ ಬಳಗ 2003ರಲ್ಲಿ ಕಾರ್ಪ್ ಎಂಬ ತನ್ನದೇ ಪದ್ಧತಿ ಬರೆದುಕೊಂಡಿತು.

ಸ್ಥಾನದಲ್ಲಿರುವ ರೌಟರ್ ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ಸಾರುತ್ತದೆ. ಮೀಸಲು ರೌಟರಿನ ಕೆಲಸ ಕೇಳಿಸಿಕೊಳ್ಳುವುದಷ್ಟೆ. ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಇನ್ನೂ ಚೂರು ಕಾಯುತ್ತದೆ. ಅದಕ್ಕೆ ಕೊಟ್ಟ ಆದ್ಯತೆಯ ಅಂಕಿ 100 ಇದ್ದರೆ ಒಟ್ಟು ಸುಮಾರು 3.6 ಸೆಕೆಂಡು. ಮೀಸಲಿನವು ಹಲವಿದ್ದರೆ ಎಲ್ಲವೂ ಒಟ್ಟಿಗೆ ಮುನ್ನುಗ್ಗದಿರಲೆಂದೇ ಈ ಚೂರು. ಅಂಕಿ ಹೆಚ್ಚಿದ್ದರೆ ಕಾಯುವಿಕೆ ಕಮ್ಮಿ. ಆಮೇಲೆ ವಿಳಾಸ ತನ್ನದೆಂದು ಜಾಲಕ್ಕೆಲ್ಲ ಸಾರುತ್ತದೆ. ಐಪಿ ಜತೆ ಮ್ಯಾಕ್ ವಿಳಾಸವೂ ಹಳೆಯದೇ ಆದ್ದರಿಂದ ಕಂಪ್ಯೂಟರಿಗೆ ಬದಲಾವಣೆ ತಿಳಿಯುವುದೇ ಇಲ್ಲ. ತಿಳಿಯಬೇಕಾದ್ದು ಸ್ವಿಚ್ಚಿಗೆ ಮಾತ್ರ: ಆ ಮ್ಯಾಕ್ ಈಗ ಬೇರೆ ತೂತಿನಲ್ಲಿದೆ.

ನನ್ನನ್ನು ಕೇಳಿದರೆ, ರೌಟರ್ ಪೂರ್ತಿ ಸತ್ತರೆ ಚಿಂತೆಯಿಲ್ಲ, ಅರೆಜೀವವಾದರೇ ಫಜೀತಿ. ಹೊರಗೆ ಜೆಸಿಬಿ ಫೈಬರ್ ಕತ್ತರಿಸಿದ್ದರೂ ಒಳಗೆ ಅದು 'ಇದ್ದೇನೆ' ಎನ್ನುತ್ತಲೇ ಇರುತ್ತದೆ, ಮೀಸಲಿನದು ಮಿಸುಕಾಡುವುದಿಲ್ಲ. ಹೊರಲೈನ್ ಹೋದರೆ ಆದ್ಯತೆ ತಾನೇ ಇಳಿಯುವಂತೆ ಸೆಟ್ಟಿಂಗ್ ಬೇರೆಯಾಗಿ ಹಾಕಬೇಕು. ಇನ್ನು ರೌಟರ್‌ಗಳ ನಡುವಿನ ಕೇಬಲ್ಲೇ ಕೆಟ್ಟರೆ ಎರಡೂ ತಾನೇ ಒಡೆಯನೆಂದು ಕೂರುತ್ತವೆ.

ಲೈನು ಎರಡಿದ್ದರೂ ಒಂದೇ ಚರಂಡಿಯಲ್ಲಿ ಬಂದಿದ್ದರೆ ಒಂದೇ ಏಟಿಗೆ ಹೋಗುತ್ತವೆ. ಬೆಳ್ತಂಗಡಿಗೆ ಒಂದನ್ನು ಬಂಟ್ವಾಳದಿಂದ, ಇನ್ನೊಂದನ್ನು ಮೂಡುಬಿದಿರೆ, ವೇಣೂರಿನ ದಾರಿಯಲ್ಲಿ ತರಬಹುದು. ಗುರುವಾಯನಕೆರೆಯಿಂದ ಮುಂದೆ ಮಾತ್ರ ಎರಡಕ್ಕೂ ಅದೇ ರಸ್ತೆ.