ಅನ್ನದ ಪಾತ್ರೆಗೆ ಯಾವ ನೀರು?

ಕೆಜಿಎಫ್ ಮಕ್ಕಳ ಆರೋಗ್ಯ ಎಂದ ಕೂಡಲೇ ಎಲ್ಲರೂ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆ ಕೈ ತೋರಿಸುತ್ತಾರೆ. 2001ರಲ್ಲಿ ಗಣಿ ಮುಚ್ಚಿದರೂ ದಿಬ್ಬಗಳು ಹಾಗೇ ಇವೆ. ಆಷಾಢದ ಗಾಳಿಗೆ ಅಲ್ಲಿನ ನುಣುಪು ದೂಳು ಮನೆ, ಶಾಲೆಗಳೊಳಕ್ಕೆ ನುಗ್ಗುವುದೂ ನಿಜ. ಆದರೆ ದೂಳು ಕಣ್ಣಿಗೆ ಕಾಣುತ್ತದೆ, ಕಿಟಕಿ ಮುಚ್ಚಬಹುದು. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಫ್ಲೋರೈಡ್ ಹಾಗಲ್ಲ. ಅದು ಲೋಟದಲ್ಲಿ ಬರುತ್ತದೆ, ತಟ್ಟೆಯಲ್ಲೂ ಬರುತ್ತದೆ.

ಕೆಜಿಎಫ್ ಇರುವ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿ ಕಂಪನಿಯ ಕಾಲದಲ್ಲಿ ಗಣಿ ಊರಿಗೆ ಬೇತಮಂಗಲದಿಂದ ಪಾಲಾರ್ ನೀರು ಬಂತು. ಹಳ್ಳಿಗಳು ಕೆರೆ, ಬಾವಿಗಳನ್ನು ನಂಬಿದ್ದವು. ಅವು ಬತ್ತಿದಂತೆ ಬೋರ್‌ವೆಲ್ ಸಾವಿರ ಅಡಿ ದಾಟಿತು. ಅಷ್ಟು ಆಳದ ಗ್ರಾನೈಟ್ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು, ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ಮಾನಕ.

ಮೊದಲು ಪೆಟ್ಟು ಬೀಳುವುದು ಹಲ್ಲಿಗೆ. ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು ಎಂಟನೇ ವಯಸ್ಸಿನವರೆಗೆ ವಸಡಿನೊಳಗೇ ರೂಪುಗೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಖನಿಜ ಸರಿಯಾಗಿ ಕೂರುವುದಿಲ್ಲ. ಹುಟ್ಟಿದ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಹೆಚ್ಚಾದರೆ ಅಡ್ಡಡ್ಡ ಕಂದು ಗೆರೆ. ಇದು ಎನಾಮಲ್‌ನದೇ ದೋಷ, ಉಜ್ಜಿದರೆ ಹೋಗುವುದಿಲ್ಲ. ಹಲ್ಲುಜ್ಜಿಲ್ಲವೆಂದು ಆ ಮಗುವನ್ನು ಗದರಿಸುವುದು ಅನ್ಯಾಯ. ನೀರಿನ ಬಗ್ಗೆ ಅತಿ ಹೆಚ್ಚು ಎಚ್ಚರ ಬೇಕಾದದ್ದು ಅಂಗನವಾಡಿಯಲ್ಲಿ ಮತ್ತು ಒಂದರಿಂದ ಮೂರನೇ ತರಗತಿಯಲ್ಲಿ.

ಶಾಲೆಗೆ ಫ್ಲೋರೈಡ್ ತೆಗೆಯುವ ಫಿಲ್ಟರ್ ಬಂದರೆ ಸಮಸ್ಯೆ ಮುಗಿಯಿತು ಎಂಬ ನಂಬಿಕೆ ಇದೆ. ಬಿಸಿಯೂಟದ ಕೋಣೆಗೆ ಹೋಗಿ ನೋಡಿ. ಅಡುಗೆಗೆ ಬೇಕಾಗುವ ನೀರು ಬಹಳ, ಆದ್ದರಿಂದ ಕುಡಿಯಲು ಫಿಲ್ಟರ್ ನೀರು, ಅನ್ನಕ್ಕೆ ನಲ್ಲಿ ನೀರು ಎಂದಾಗುವುದು ಸುಲಭ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್ ಇದೆ ಎಂದುಕೊಳ್ಳಿ. ಪುಟ್ಟ ಮಗುವಿನ ಪಾಲಿನ 100 ಗ್ರಾಂ ಅಕ್ಕಿ ಬೇಯುವಾಗ ಸುಮಾರು 200 ಮಿ.ಲೀ. ನೀರು ಕುಡಿಯುತ್ತದೆ. ಸಾಂಬಾರಿಗೆ 150, ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿ ಕಲಸಲು 150. ಒಟ್ಟು ಅರ್ಧ ಲೀಟರ್, ಅಂದರೆ ಒಂದು ಲೋಟ ನೀರು ಕುಡಿಯುವ ಮೊದಲೇ 1.5 ಮಿ.ಗ್ರಾಂ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಅದು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ.

ಊಟದಲ್ಲೇ ಒಂದಿಷ್ಟು ರಕ್ಷಣೆಯೂ ಇದೆ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡಿನ ಜತೆ ಸೇರಿ ಸುಲಭವಾಗಿ ಕರಗದ ವಸ್ತುವಾಗುತ್ತದೆ. ರಕ್ತಕ್ಕೆ ಹೋಗುವ ಪಾಲು ಅಷ್ಟು ಕಡಿಮೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯಕ್ಕೆ ಕೋಲಾರದಲ್ಲಿ ಈ ಹೆಚ್ಚಿನ ಮಹತ್ವವಿದೆ. ರಾಗಿಯಲ್ಲೂ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಉಂಟು, ಈ ಸೀಮೆಯವರಿಗೆ ಮುದ್ದೆಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಹಾಗೆಂದು ಹಾಲು ಕೊಡುತ್ತೇವೆ, ನೀರು ಯಾವುದಾದರೇನು ಎನ್ನುವಂತಿಲ್ಲ.

ಶಾಶ್ವತ ಪರಿಹಾರ ಮೇಲ್ಮೈ ನೀರೇ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರಲ್ಲಿ ಲೋಕಾರ್ಪಣೆಯಾಯಿತು. ಬಂಗಾರಪೇಟೆ, ಕೋಲಾರ, ಮಾಲೂರು ಪಟ್ಟಣಗಳಿಗೆ ಅದರ ನೀರು. ಶಾಲೆಯ ಚಾವಣಿಯ ಮಳೆನೀರಲ್ಲಂತೂ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಸ್ವಚ್ಛವಾಗಿ ಹಿಡಿದಿಟ್ಟರೆ ಅಡುಗೆಗೆ ಅದೇ ಸಾಕು.

ನೀವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟು? ಅನ್ನದ ಪಾತ್ರೆಗೆ ಯಾವ ನೀರು ಹಾಕುತ್ತಿದ್ದೇವೆ? ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ಒಂದು ಬಾಟಲಿ ನೀರು ಹಿಡಿದು ಅಂದೇ ಪರೀಕ್ಷೆಗೆ ಕಳಿಸಿ.