ಕೊಯ್ತಾದ ಲೆಕ್ಕಕ್ಕೆ ಸಿಗದ ಆಯಿ

ದಸರೆ ಹತ್ತಿರ ಬಂತೆಂದರೆ ಅಥಣಿ ತಾಲ್ಲೂಕಿನ ಪೂರ್ವದ ಒಣಭೂಮಿಯ ಊರುಗಳಲ್ಲಿ, ಗಡಿಯಾಚೆ ಮಹಾರಾಷ್ಟ್ರದ ಜತ್ತದ ಕನ್ನಡ ಹಳ್ಳಿಗಳಲ್ಲಿ ಮುಕಾದಮರ ಓಡಾಟ ಶುರುವಾಗುತ್ತದೆ. ಮುಂಗಡ ಕೊಟ್ಟು ಆಳು ಗೊತ್ತುಮಾಡುವ ಕಾಲ ಅದು. ಗಂಡ-ಹೆಂಡತಿ ಸೇರಿದರೆ ಒಂದು ‘ಕೊಯ್ತಾ’. ಗಂಡ ಕಬ್ಬು ಕಡಿಯುತ್ತಾನೆ. ಹೆಂಡತಿ ರವದಿ (ಒಣಗಿದ ಎಲೆ) ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆಯ ಮೇಲೆ ಹೆಜ್ಜೆಯಿಟ್ಟು ಟ್ರೇಲರಿಗೆ ಏರಿಸುತ್ತಾಳೆ. ಕೂಲಿ ಟನ್ನಿನ ಲೆಕ್ಕದಲ್ಲಿ. ಹಂಗಾಮು ಮುಗಿದ ಮೇಲೆ ಮುಂಗಡ ಮುರಿದುಕೊಂಡು ಉಳಿದದ್ದು ಕೈಗೆ, ಉಳಿಯದಿದ್ದರೆ ಬಾಕಿ ಮುಂದಿನ ವರ್ಷದ ತಲೆಗೆ. ಈ ಲೆಕ್ಕದಲ್ಲಿ ಎಲ್ಲಿಯೂ ಹೆಸರಿಲ್ಲದ ಮೂರನೆಯ ದುಡಿಮೆಗಾರ್ತಿ ಒಬ್ಬಳಿದ್ದಾಳೆ. ಊರಲ್ಲುಳಿದು ಮೊಮ್ಮಕ್ಕಳನ್ನು ಸಾಕುವ ಆಯಿ.

ಕಡಿದ ಕಬ್ಬು ಒಂದು ದಿನದೊಳಗೆ ಕಾರ್ಖಾನೆ ಸೇರದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಾಗಾಗಿ ಗ್ಯಾಂಗಿನವರಿಗೆ ಹೊತ್ತು-ಗೊತ್ತು ಇರುವುದಿಲ್ಲ. ನಡುರಾತ್ರಿ ಟ್ರ್ಯಾಕ್ಟರ್ ಬಂದರೆ ನಡುರಾತ್ರಿಯೇ ಲೋಡು ಮಾಡಬೇಕು. ಹೊಲದಿಂದ ಹೊಲಕ್ಕೆ ಗುಡಿಸಲು ಬದಲಾಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಂಥ ಬದುಕಿನಲ್ಲಿ ಮಗುವನ್ನು ಶಾಲೆಗೆ ಕಳಿಸುವುದು ಹೇಗೆ? ಜತೆಗೆ ಹೋದ ಮಗು ರವದಿ ಎಳೆಯುವುದನ್ನೋ ತಂಗಿಯನ್ನು ಆಡಿಸುವುದನ್ನೋ ಕಲಿಯುತ್ತದೆ. ಉಳಿದ ಮಗು ಓದುತ್ತದೆ. ಉಳಿಸಿಕೊಳ್ಳಲು ಆಯಿ ಗಟ್ಟಿ ಇರಬೇಕು, ಅಷ್ಟೇ.

ನನ್ನನ್ನು ಹಾಗೆ ಉಳಿಸಿಕೊಂಡವಳು ನಮ್ಮಾಯಿ. ಅವಳೇ ವಲಸೆ ಬಂದವಳು. 1972ರ ಬರದಲ್ಲಿ ಜತ್ತದ ಕಡೆಯಿಂದ ಮುತ್ಯಾನ ಜತೆ ಕೃಷ್ಣೆಯ ದಂಡೆಗೆ ಬಂದಳು. ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದದ್ದು, ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ ತಿಂದದ್ದು ಅವಳಿಗೆ ನಿನ್ನೆಯಂತೆ ನೆನಪಿತ್ತು. “ಆ ಹಿಟ್ಟಿಗಿ ಜಿಗಿನs ಇರಲಿಲ್ಲೋ ಯಪ್ಪಾ. ರೊಟ್ಟಿ ಬಡೀಲಾಕ ಹ್ವಾದ್ರ ಹರದs ಹೋಗೂದು” ಎನ್ನುತ್ತಿದ್ದಳು. 1939ರಲ್ಲಿ ಶಿರಗಾಂವಕರ ಮನೆತನದವರು ಸ್ಥಾಪಿಸಿದ ಉಗಾರದ ಸಕ್ಕರೆ ಕಾರ್ಖಾನೆಯಿಂದಾಗಿ ಈ ದಂಡೆಯಲ್ಲಿ ಆಗಲೇ ಕಬ್ಬು ಬೇರೂರಿತ್ತು. ನೀರಿದ್ದಲ್ಲಿ ಕೂಲಿ ಇತ್ತು. ಕಳೆ ತೆಗೆಯುತ್ತ, ಬೀಜದ ಕಬ್ಬು ಹೊರುತ್ತ ಇಲ್ಲಿಯೇ ನಿಂತರು.

ಬಿಟ್ಟು ಬಂದ ಊರಲ್ಲಿ ಮುತ್ಯಾನ ಪಾಲಿಗೆ ಒಣಹೊಲವಿತ್ತು. ಮುತ್ಯಾ ತೀರಿಕೊಂಡ ಮೇಲೆ ಮೈದುನರು ಕಾಗದ ತಂದಾಗ ಆಯಿ ಹೆಬ್ಬಟ್ಟು ಒತ್ತಿದಳು. ಊರಿಗೆ ಹೋಗಿ ಬಂದು ಕೋರ್ಟು-ಕಚೇರಿ ತಿರುಗಿದರೆ ಇಲ್ಲಿನ ಕೂಲಿ ತಪ್ಪುತ್ತದೆ, ಮಕ್ಕಳ ಹೊಟ್ಟೆಗೆ ಬೀಳುವುದಿಲ್ಲ ಎಂಬುದು ಅವಳ ಲೆಕ್ಕ. ತವರಿನ ಬೋರಮಾಳ ಅತ್ತೆಯ ಮದುವೆಗೆ ಹೋಯಿತು. ಇವನ್ನೆಲ್ಲ ಅವಳು ತ್ಯಾಗ ಎಂದು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಆದರೆ ಅದು ತ್ಯಾಗವೇ. ಅವಳು ಹೇಳಲಿಲ್ಲವೆಂದು ನಾವೂ ಹೇಳದಿರುವುದು ಸರಿಯಲ್ಲ.

ಅಪ್ಪ-ಅವ್ವ ಗ್ಯಾಂಗು ಸೇರಿ ಕೊಲ್ಲಾಪುರದ ಕಡೆಗೆ ಹೋಗತೊಡಗಿದಾಗ ಆಯಿಯ ಮಂಡಿ ಆಗಲೇ ಸವೆದಿತ್ತು. ಹೊಲದ ಕೆಲಸ ಬಿಟ್ಟು ಕೂರುವ ಹೊತ್ತಿಗೆ ನಾವು ಮೂವರು ಅವಳ ಮಡಿಲಿಗೆ ಬಿದ್ದೆವು. ನಸುಕಿಗೆ ಒಲೆ ಹೊತ್ತಿಸಿ ಆ ದಿನದ ರೊಟ್ಟಿಯೆಲ್ಲ ಒಮ್ಮೆಲೇ ಬಡಿದಿಡುತ್ತಿದ್ದಳು. ತಂಗಿಯ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಮರುದಿನವೂ ಸಡಿಲಾಗುತ್ತಿರಲಿಲ್ಲ. ಓದು ಬಾರದವಳು ನನ್ನ ಪಾಟಿಯನ್ನು ಕೈಯಲ್ಲಿ ಹಿಡಿದು, ಸಾಲು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದಷ್ಟೇ ನೋಡಿ, ಸೊಟ್ಟಗಿದ್ದರೆ ಅಳಿಸಿ ಮತ್ತೆ ಬರೆಸುತ್ತಿದ್ದಳು. ಜ್ವರ ಬಂದರೆ ಸರಕಾರಿ ದವಾಖಾನೆಗೆ ಹೊತ್ತು ನಡೆಯುವವಳೂ ಅವಳೇ, ಶಾಲೆಯ ಪಾಲಕರ ಸಭೆಗೆ ಬಂದು ಹೆಬ್ಬಟ್ಟು ಒತ್ತುವವಳೂ ಅವಳೇ. ಹೊಲ ಬಿಟ್ಟುಕೊಟ್ಟ ಹೆಬ್ಬಟ್ಟೇ ಅದು.

ನಿಪ್ಪಾಣಿಯಲ್ಲಿ ಬೆಳೆ ಬೇರೆ, ಕತೆ ಇದೇ. ಸುತ್ತಲಿನ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿಯುತ್ತ ಜರಡಿ ಹಿಡಿದರು, ಮನೆಯಲ್ಲಿ ಬೀಡಿ ಕಟ್ಟಿದರು. ತಂಬಾಕಿನ ದರಕ್ಕಾಗಿ ರೈತರು ಹೆದ್ದಾರಿಯಲ್ಲಿ ಕುಳಿತದ್ದು, 1981ರ ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಸತ್ತದ್ದು ಎಲ್ಲರ ನೆನಪಿನಲ್ಲಿದೆ. ಆ ಚಳವಳಿ ಮುನ್ನಡೆಸಿದ ಶರದ್ ಜೋಶಿಯವರ ಹೆಸರು ಹೇಳದೆ ಆ ಚರಿತ್ರೆ ಮುಗಿಯುವುದಿಲ್ಲ. ವಖಾರಿಯ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದನ್ನು ಅಷ್ಟು ಜೋರಾಗಿ ಯಾರೂ ನೆನೆಯುವುದಿಲ್ಲ. ಬೀಡಿ ಕಾರ್ಮಿಕರಿಗೆ 1966ರ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು, ಭವಿಷ್ಯನಿಧಿಯೂ ಬಂತು. ಆದರೆ ಬೀಡಿ ಕಟ್ಟುವ ಮನೆಯೊಳಗೆ ಹೋಗಿ ನೋಡಿ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವವಳು ಮೊಮ್ಮಗಳು, ಜರ್ದಾ ತುಂಬಿ ಸುತ್ತಿ ನೂಲು ಬಿಗಿಯುವವಳು ಸೊಸೆ, ತುದಿ ಮಡಚಿ ಕಟ್ಟು ಮಾಡುವವಳು ಕಣ್ಣು ಮಂಜಾದ ಆಯಿ. ಸಾವಿರ ಬೀಡಿಗೆ ಇಷ್ಟೆಂದು ಬರುವ ಕೂಲಿ ಒಬ್ಬಳ ಹೆಸರಿಗೆ, ಪಾಸ್‌ಬುಕ್ಕೂ ಒಬ್ಬಳದೇ. ಉಳಿದ ನಾಲ್ಕು ಕೈಗಳ ಕೆಲಸ ಆ ಒಂದು ಹೆಸರಿನೊಳಗೆ ಕರಗಿಹೋಗುತ್ತದೆ.

ಈ ಮರೆವು ನಮ್ಮದಷ್ಟೇ ಅಲ್ಲ. 1942ರಿಂದ 1964ರವರೆಗೆ ಅಮೆರಿಕ ಮೆಕ್ಸಿಕೊದ ಗಂಡಾಳುಗಳನ್ನು ಕರಾರಿನ ಮೇಲೆ ತನ್ನ ಹೊಲಗಳಿಗೆ ಕರೆಸಿಕೊಂಡಾಗಲೂ ಕರಾರಿನಲ್ಲಿದ್ದದ್ದು ಆಳಿನ ಹೆಸರು ಮಾತ್ರ. ಹಿಂದೆ ಉಳಿದ ಮಕ್ಕಳನ್ನು ಸಾಕಿದವರ ಲೆಕ್ಕ ಅಲ್ಲಿಯೂ ಇರಲಿಲ್ಲ. ಕೂಲಿ ಎಂದರೆ ಹೊಲದಲ್ಲಿ ಕಂಡದ್ದಷ್ಟೇ ಎಂಬ ತಪ್ಪು ಎಲ್ಲ ದೇಶಗಳದು.

ನಮ್ಮಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಆಯಿಯರ ಭಾರ ಇನ್ನಷ್ಟು. 2005, 2019, 2021ರ ನೆರೆಗಳಲ್ಲಿ ಚಿಕ್ಕೋಡಿ, ರಾಯಬಾಗ, ಕಾಗವಾಡದ ನದಿ ದಂಡೆಯ ಊರುಗಳು ಖಾಲಿಯಾದವು. ಒಂದು ಜೀವಮಾನದಲ್ಲಿ ಬರಕ್ಕೊಮ್ಮೆ, ನೀರಿಗೆ ಮತ್ತೆ ಮತ್ತೆ ಮನೆ ಬಿಟ್ಟ ಮುದುಕಿಯರು ಈ ಸೀಮೆಯಲ್ಲಿದ್ದಾರೆ.

ಈಗ ಇವರಿಗೆ ತಿಂಗಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬರುತ್ತದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ ಸಿಗುತ್ತಿದೆ, ಎಷ್ಟೋ ಮನೆಗಳಲ್ಲಿ ಆ ಯಜಮಾನಿ ಆಯಿಯೇ. ಇದರಿಂದ ಅತ್ತೆ-ಸೊಸೆ ಜಗಳ ಹೆಚ್ಚಿತೆಂದು ಹಗುರವಾಗಿ ಮಾತಾಡುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅರವತ್ತು ವರ್ಷ ದುಡಿದವಳ ಹೆಸರಿಗೆ ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ಒಂದು ಸಾಲು ಬೀಳುವುದು ಸಣ್ಣ ಸಂಗತಿಯಲ್ಲ. ಆದರೆ ಆ ದುಡ್ಡು ಹೋಗುವುದು ಬಹುಪಾಲು ಮೊಮ್ಮಕ್ಕಳ ನೋಟ್‌ಬುಕ್ಕಿಗೆ, ಗುಳಿಗೆಗೆ. ಮಂಡಿಯ ನೋವು ಹಾಗೇ ಉಳಿಯುತ್ತದೆ.

ಕಬ್ಬು ಕಡಿಯುವವರ ಮಕ್ಕಳಿಗಾಗಿ ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳ ಬಳಿ ‘ಸಾಖರ್ ಶಾಲೆ’ ನಡೆಸಿ ನೋಡಿದರು, ಹಂಗಾಮಿಗೆಂದೇ ಊರುಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ವಸತಿ ವ್ಯವಸ್ಥೆಯನ್ನೂ ಮಾಡಿದರು. ಆಳು ಹೊರಡುವ ಊರಿನಲ್ಲೇ ಮಕ್ಕಳು ಉಳಿಯುವ ಈ ಎರಡನೆಯ ದಾರಿಯೇ ನಮ್ಮ ಸೀಮೆಗೆ ಹೊಂದುತ್ತದೆ. ಮಕ್ಕಳು ಸಂಜೆ ಶಾಲೆಯಲ್ಲೇ ಉಂಡು ಮಲಗುವಂತಾದರೆ ಆಯಿಗೆ ಉಳಿಯುವುದು ಪ್ರೀತಿಯ ಕೆಲಸ ಮಾತ್ರ. ಅಥಣಿ, ಕಾಗವಾಡ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಈ ಐದು ತಾಲ್ಲೂಕುಗಳಲ್ಲಿ ಸಹಕಾರಿಯೂ ಖಾಸಗಿಯೂ ಸೇರಿ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಪ್ರತಿ ಟನ್ನಿನ ಹಿಂದೆ ಅಲ್ಪ ಮೊತ್ತ ತೆಗೆದಿಟ್ಟು, ಹಂಗಾಮು ಶುರುಮಾಡುವ ಬಾಯ್ಲರ್ ಪೂಜೆಗೆ ಮುಂಚೆಯೇ ಅಥಣಿಯ ಪೂರ್ವದ ಊರುಗಳಲ್ಲಿ ಇಂಥ ವಸತಿ ತೆರೆಯಲಿ. ಅಡುಗೆಗೂ ಮಕ್ಕಳ ಆರೈಕೆಗೂ ಊರಿನ ಆಯಿಯರನ್ನೇ ಕರೆಯಲಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಪಗಾರ ಕೊಟ್ಟು.