ನಾದವೂ ನಾಡಿನ ಸಂಪತ್ತು

ಯಾವುದಾದರೊಂದು ಊರಿಗೆ ಪ್ರವಾಸ ಹೋಗಿ ಬಂದವರನ್ನು ‘ಅಲ್ಲಿ ಏನೇನು ನೋಡಿದಿರಿ?’ ಎಂದು ಕೇಳುವುದು ವಾಡಿಕೆ. ‘ಅಲ್ಲಿ ಏನೇನು ಕೇಳಿದಿರಿ?’ ಎಂದು ವಿಚಾರಿಸುವವರು ವಿರಳ. ಆದರೆ ಪ್ರತಿಯೊಂದು ಊರಿಗೂ ತನ್ನದೇ ಆದ ರೂಪವಿರುವಂತೆ ತನ್ನದೇ ಆದ ನಾದವೂ ಉಂಟು. ಗುಡಿಯ ಗಂಟೆ, ಹೊಳೆಯ ಮೊರೆತ, ಜಾತ್ರೆಯ ಡೊಳ್ಳು, ಸಂತೆಯ ಕೂಗು, ಭಜನೆಯ ತಾಳ ಇವೆಲ್ಲ ಕೂಡಿ ಊರಿನ ನಾದವಾಗುತ್ತವೆ. ಕಲ್ಲಿನಲ್ಲಿ ಕಟ್ಟಿದ ಸಂಪತ್ತನ್ನು ಕಾಯಲು ಬೇಲಿಯಿದೆ, ಕಾವಲುಗಾರನಿದ್ದಾನೆ, ಕಾನೂನಿದೆ. ಗಾಳಿಯಲ್ಲಿ ತೇಲಿಹೋಗುವ ನಾದವನ್ನು ಕಾಯುವುದು ಹೇಗೆ? ಪ್ರವಾಸೋದ್ಯಮವು ಬೆಳೆಯುತ್ತಿರುವ ಈ ಕಾಲದಲ್ಲಿ ಇದು ಆಲೋಚಿಸಬೇಕಾದ ಪ್ರಶ್ನೆ. ತುಂಗಭದ್ರೆಯ ದಂಡೆಯ ಹರಿಹರ ಮತ್ತು ಅದರಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ ಈ ಪ್ರಶ್ನೆಗೆ ಒಳ್ಳೆಯ ನಿದರ್ಶನಗಳಾಗಿವೆ.

ಹರಿಹರದ ಹಿರಿಮೆಗೆ ಮೂಲ ಅಲ್ಲಿನ ಹರಿಹರೇಶ್ವರ ದೇವಾಲಯ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೊಲಾಳ್ವನು ಇದನ್ನು 1224ರ ಸುಮಾರಿಗೆ ಕಟ್ಟಿಸಿದನು. ಮುಂದೆ 1268ರಲ್ಲಿ, ಸೋಮನಾಥಪುರದ ಕೇಶವ ದೇವಾಲಯದ ನಿರ್ಮಾಪಕನೆಂದು ಹೆಸರಾದ ಸೋಮ ದಂಡನಾಯಕನು ಇಲ್ಲಿ ಕೆಲವು ಭಾಗಗಳನ್ನು ಸೇರಿಸಿದನು. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಹರನೆಂದರೆ ನಮ್ಮ ನೆನಪಿಗೆ ಬರುವುದು ಡಮರು, ಹರಿಯೆಂದರೆ ಶಂಖ. ಎರಡು ಮತಗಳು ಪರಸ್ಪರ ವಾದಿಸುತ್ತಿದ್ದ ಕಾಲದಲ್ಲಿ ಇಬ್ಬರು ದೇವರನ್ನು ಒಂದೇ ಪೀಠದಲ್ಲಿ ನಿಲ್ಲಿಸಿದ ಹಿರಿಯರು, ಒಬ್ಬನಿಗಾಗಿ ಇನ್ನೊಬ್ಬನನ್ನು ಮರೆಮಾಡಲಿಲ್ಲ. ಇಬ್ಬರಿಗೂ ಸರಿಸಮನಾದ ಸ್ಥಾನವನ್ನು ಕೊಟ್ಟರು. ನಾದದ ವಿಷಯದಲ್ಲಿಯೂ ಅನುಸರಿಸತಕ್ಕ ನೀತಿ ಇದೇ ಆಗಿದೆ.

ದೇವಾಲಯದ ಮಹಾಮಂಟಪವು ನಾಲ್ಕು ಕಡೆಗೂ ಗಾಳಿ ಬೆಳಕು ಬರುವಂತೆ ತೆರೆದಿದೆ. ಕಡೆದು ನುಣುಪುಗೊಳಿಸಿದ ಕಂಬಗಳು, ಅಂಚಿನುದ್ದಕ್ಕೂ ಕುಳಿತುಕೊಳ್ಳಲು ಕಲ್ಲಿನ ಜಗಲಿ, ಮೇಲೆ ಕೆತ್ತನೆಯ ಛಾವಣಿ. ನುಣುಪಾದ ಕಲ್ಲು ಧ್ವನಿಯನ್ನು ಹೀರಿಕೊಳ್ಳುವುದು ಬಹಳ ಕಡಿಮೆ; ಅದು ಧ್ವನಿಯನ್ನು ಹಿಂದಕ್ಕೆ ಕಳುಹಿಸುತ್ತದೆ. ಆದುದರಿಂದ ಇಂತಹ ಮಂಟಪದಲ್ಲಿ ಒಬ್ಬ ಗಾಯಕ ಮೆಲ್ಲಗೆ ಹಾಡಿದರೂ ಅವನ ಧ್ವನಿಗೆ ತುಂಬು ಬರುತ್ತದೆ. ಅದೇ ಸ್ಥಳದಲ್ಲಿ ಧ್ವನಿವರ್ಧಕವನ್ನು ಇಟ್ಟರೆ ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಸ್ವರ ಬಂದು ಕೂಡಿಕೊಂಡು ಎಲ್ಲವೂ ಗದ್ದಲವಾಗುತ್ತದೆ. ಹಿಂದಿನವರು ಕಟ್ಟಿದ ಮಂಟಪವು ಮಾನವನ ಕಂಠದ ಅಳತೆಗೆ ಒಪ್ಪುವಂಥದು, ಯಂತ್ರದ ಅಳತೆಗೆ ಅಲ್ಲ.

ಹರಿಹರದ ನಾದವು ದೇವಾಲಯದಲ್ಲಿಯೇ ಮುಗಿಯುವುದಿಲ್ಲ. ಊರಿನ ಆರೋಗ್ಯ ಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಉತ್ಸವದ ವೇಳೆಯಲ್ಲಿ ದೂರದ ಊರುಗಳಿಂದ ಎಲ್ಲ ಮತಗಳ ಜನರೂ ಬರುತ್ತಾರೆ. ಮಸೀದಿಯ ಬಾಂಗು, ಚರ್ಚಿನ ಗಂಟೆ, ದೇವಾಲಯದ ಮಂಗಳವಾದ್ಯ ಇವು ಒಂದೇ ಊರಿನ ಆಕಾಶವನ್ನು ಹಂಚಿಕೊಂಡಿವೆ. ಕೆಲವು ವರ್ಷಗಳಲ್ಲಿ ಹಬ್ಬಗಳು ಒಂದರ ಬೆನ್ನಿಗೆ ಒಂದು ಬರುವುದುಂಟು. 2024ರಲ್ಲಿ ಗಣೇಶ ಚತುರ್ಥಿಯು ಸೆಪ್ಟೆಂಬರ್ 7ರಂದು ಬಂದಿತ್ತು. ಮರುದಿನವೇ ಮಾತೆಯ ಉತ್ಸವ. ಇಂತಹ ದಿನಗಳಲ್ಲಿ ಪ್ರತಿಯೊಬ್ಬರೂ ತಮ್ಮ ಧ್ವನಿಯೇ ಮೇಲಾಗಬೇಕೆಂದು ಹಟ ಹಿಡಿದರೆ ಯಾರ ಧ್ವನಿಯೂ ಕೇಳಿಸದು.

ದಾವಣಗೆರೆಯ ನಾದಸಂಪತ್ತು ಬೇರೆ ಬಗೆಯದು. ಹತ್ತಿಯ ಗಿರಣಿಗಳಿಂದ ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯಿಸಿಕೊಂಡ ಈ ನಗರವು ವೃತ್ತಿರಂಗಭೂಮಿಯ ತವರುಗಳಲ್ಲಿ ಒಂದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯು ಇಲ್ಲಿಂದ ಹೊರಟು ನಾಡಿನಾದ್ಯಂತ ಡೇರೆ ಹಾಕಿತು. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಧ್ವನಿವರ್ಧಕಗಳು ಬರುವ ಮೊದಲು ಕಂಪನಿಯ ನಟರು ಹಾರ್ಮೋನಿಯಂ, ತಬಲಗಳ ಜೊತೆಯಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಹಾಡಬೇಕಾಗಿತ್ತು. ಅದು ಸಾಧನೆಯಿಂದ ಬಂದ ಧ್ವನಿ. ವೃತ್ತಿರಂಗಭೂಮಿಗಾಗಿಯೇ ರಾಜ್ಯ ಸರ್ಕಾರವು ದಾವಣಗೆರೆಯಲ್ಲಿ ರಂಗಾಯಣವೊಂದನ್ನು ಸ್ಥಾಪಿಸಿದೆ. ಇನ್ನು ಎರಡು ವರ್ಷಗಳಿಗೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿಯ ಜಾತ್ರೆ, ಸುತ್ತಲಿನ ಹಳ್ಳಿಗಳ ಡೊಳ್ಳು ಕುಣಿತ, ವೀರಗಾಸೆ, ಭಜನಾ ಮೇಳಗಳು ಈ ಸಂಪತ್ತಿನ ಇನ್ನೊಂದು ಮುಖ.

ಪ್ರವಾಸಿಯು ಬಯಸಿ ಬರುವುದು ಇಂತಹ ವಿಶೇಷವನ್ನೇ. ಆದರೆ ಎಚ್ಚರಿಕೆಯಿಲ್ಲದಿದ್ದರೆ ಅವನ ಆಗಮನವೇ ಆ ವಿಶೇಷವನ್ನು ಕೆಡಿಸಬಲ್ಲದು. ಇದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ಉದಾಹರಣೆಗಳಿವೆ. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಸುಮಾರು 38 ಮೀಟರ್ ಆಚೆಯ ಗೋಡೆಯ ಬಳಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅಲ್ಲಿಗೆ ಬಂದವರಲ್ಲಿ ಅನೇಕರು ಗಟ್ಟಿಯಾಗಿ ಕೂಗಿ ಪ್ರತಿಧ್ವನಿಯನ್ನು ಎಣಿಸಲು ತೊಡಗುತ್ತಾರೆ. ನೂರು ಜನ ಕೂಗುವಲ್ಲಿ ಪಿಸುಮಾತು ಯಾರಿಗೂ ಕೇಳಿಸದು. ಹಂಪೆಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳ ಕಥೆ ಇದಕ್ಕಿಂತ ದುಃಖದ್ದು. ಕಲ್ಲಿನಿಂದ ನಾದ ಹೊರಡುವ ಸೋಜಿಗವನ್ನು ಕಾಣಲು ಬಂದವರೆಲ್ಲ ಕಂಬಗಳನ್ನು ತಟ್ಟಿದುದರಿಂದ ಅವು ಸವೆದು ಶಿಥಿಲವಾದವು. ಕೊನೆಗೆ ಅವುಗಳನ್ನು ತಟ್ಟುವುದನ್ನೇ ನಿಷೇಧಿಸಬೇಕಾಯಿತು.

ನಾದವನ್ನು ವ್ಯವಸ್ಥೆಗೊಳಿಸುವುದಕ್ಕೆ ಮೊದಲು ಅದನ್ನು ಅಳೆಯಲು ತಿಳಿದಿರಬೇಕು. ಧ್ವನಿಯ ಅಳತೆಯ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಪಿಸುಮಾತು ಸುಮಾರು 30 ಡೆಸಿಬೆಲ್, ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಈ ಮಾನದಲ್ಲಿ 10 ಡೆಸಿಬೆಲ್ ಹೆಚ್ಚಿದರೆ ಧ್ವನಿಯ ಶಕ್ತಿಯು 10 ಪಟ್ಟು ಹೆಚ್ಚಿತೆಂದು ಅರ್ಥ. ಬಯಲಿನಲ್ಲಿ ಒಂದೇ ಕಡೆಯಿಂದ ಹೊರಡುವ ಧ್ವನಿಯು, ದೂರವು ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಇರುವ ಧ್ವನಿಯು 2 ಮೀಟರ್ ದೂರದಲ್ಲಿ 94, 4 ಮೀಟರ್ ದೂರದಲ್ಲಿ 88, ಹೀಗೆ ಇಳಿಯುತ್ತಾ 64 ಮೀಟರ್ ದೂರದಲ್ಲಿ 64 ಡೆಸಿಬೆಲ್ ಆಗುತ್ತದೆ. ಅದು 46 ಡೆಸಿಬೆಲ್ಲಿಗೆ ಇಳಿಯಬೇಕಾದರೆ 512 ಮೀಟರ್, ಅಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ನದಿಯ ದಂಡೆಯಲ್ಲಂತೂ ರಾತ್ರಿಯ ವೇಳೆ ನೀರಿನ ಮೇಲಿನ ತಂಪು ಗಾಳಿಯು ಧ್ವನಿಯನ್ನು ಕೆಳಕ್ಕೆ ಬಾಗಿಸುವುದರಿಂದ ಅದು ಇನ್ನೂ ದೂರ ಸಾಗುತ್ತದೆ.

ಈ ಲೆಕ್ಕಕ್ಕೂ ಕಾನೂನಿಗೂ ನೇರವಾದ ಸಂಬಂಧವಿದೆ. ಶಬ್ದಮಾಲಿನ್ಯವನ್ನು ತಡೆಯುವುದಕ್ಕಾಗಿ ಭಾರತ ಸರ್ಕಾರವು 2000ದಲ್ಲಿ ನಿಯಮಗಳನ್ನು ರೂಪಿಸಿತು. ಅವುಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯ ಮಿತಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆದರೆ ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12 ಗಂಟೆಯವರೆಗೆ ರಾಜ್ಯ ಸರ್ಕಾರವು ವಿನಾಯಿತಿ ಕೊಡಬಹುದು. ಹರಿಹರೇಶ್ವರ ದೇವಾಲಯದಂತಹ ಸಂರಕ್ಷಿತ ಸ್ಮಾರಕಗಳಿಗೆ ಬೇರೆಯೇ ನಿಯಮವಿದೆ. ಅಲ್ಲಿ ಸಂಪ್ರದಾಯದಂತೆ ನಡೆದುಬಂದ ಧಾರ್ಮಿಕ ಆಚರಣೆಗಳಿಗೆ ತಡೆಯಿಲ್ಲ. ಬೇರೆ ಸಭೆ, ಮನರಂಜನೆಗಳಿಗೆ ಲಿಖಿತ ಅನುಮತಿ ಅವಶ್ಯಕ.

ಕಾನೂನು ಇದ್ದ ಮಾತ್ರಕ್ಕೆ ಸಮಸ್ಯೆ ತಾನಾಗಿ ಬಗೆಹರಿಯುವುದಿಲ್ಲ. 2025ರ ಗಣೇಶೋತ್ಸವದ ಸಮಯದಲ್ಲಿ ದಾವಣಗೆರೆಯ ಜಿಲ್ಲಾಡಳಿತವು ಡಿ.ಜೆ. ಧ್ವನಿಯಂತ್ರಗಳನ್ನು ನಿಷೇಧಿಸಿದಾಗ ಜಿಲ್ಲೆಯಲ್ಲಿ ಪರ ವಿರೋಧದ ಚರ್ಚೆ ಬಲವಾಗಿ ನಡೆಯಿತು. ಇಂತಹ ಚರ್ಚೆಯಲ್ಲಿ ಎರಡೂ ಕಡೆಯ ಮಾತುಗಳಿಗೆ ತೂಕವುಂಟು. ವರ್ಷಕ್ಕೊಮ್ಮೆ ಬರುವ ಹಬ್ಬದಲ್ಲಿ ಕುಣಿದು ಸಂತೋಷಪಡಬೇಕೆಂಬುದು ತರುಣರ ಸಹಜವಾದ ಆಸೆ. ಧ್ವನಿಯಂತ್ರಗಳನ್ನು ಬಾಡಿಗೆಗೆ ಕೊಟ್ಟು ಸಾಲ ತೀರಿಸಬೇಕಾದವನಿಗೆ ಹಬ್ಬವೇ ಸುಗ್ಗಿ. ಇನ್ನೊಂದು ಕಡೆ, ಎದೆ ನಡುಗಿಸುವ ಸದ್ದಿಗೆ ಹೃದ್ರೋಗಿಗಳು ತತ್ತರಿಸುತ್ತಾರೆ, ಹಸುಗೂಸುಗಳು ಬೆಚ್ಚಿಬೀಳುತ್ತವೆ. ಪದೇ ಪದೇ ಅತಿಯಾದ ಸದ್ದಿಗೆ ಒಡ್ಡಿದ ಕಿವಿಯು ಶಾಶ್ವತವಾಗಿ ಮಂದವಾಗಬಹುದು. ಒಮ್ಮೆ ನಷ್ಟವಾದ ಶ್ರವಣಕೋಶಗಳು ಮತ್ತೆ ಹುಟ್ಟುವುದಿಲ್ಲ. ಸಂಗೀತ ಸಭೆಗಳಲ್ಲಿಯೂ ಸರಾಸರಿ ಧ್ವನಿಯು 100 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸೂಚಿಸಿತು. ಆದುದರಿಂದ ಪ್ರಶ್ನೆಯು ನಾದ ಬೇಕೆ ಬೇಡವೆ ಎಂಬುದಲ್ಲ. ಯಾವ ನಾದ, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದು.

ಹರಿಹರದಲ್ಲಿ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಕಾಶಿಯ ಗಂಗಾರತಿಯ ಮಾದರಿಯಲ್ಲಿ ಇಲ್ಲಿಯೂ ತುಂಗಭದ್ರೆಗೆ ಆರತಿ ಬೆಳಗಬೇಕೆಂಬ ಉದ್ದೇಶದಿಂದ 2022ರಲ್ಲಿ ನದಿಯ ತೀರದ 108 ಯೋಗಮಂಟಪಗಳ ಯೋಜನೆಗೆ ಶಂಕುಸ್ಥಾಪನೆ ನಡೆಯಿತು. ಕಾಶಿಯಲ್ಲಿ ಪ್ರತಿ ಸಂಜೆ ದಶಾಶ್ವಮೇಧ ಘಾಟಿನಲ್ಲಿ ನಡೆಯುವ ಆರತಿಯನ್ನು ನೋಡಲು ಜನಸಾಗರವೇ ನೆರೆಯುತ್ತದೆ. ಆ ನಗರವನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ ‘ಸಂಗೀತ ನಗರ’ಗಳ ಸಾಲಿಗೆ ಸೇರಿಸಿತು. ಆದರೆ ಆ ಗೌರವವು ಕೇವಲ ಆರತಿಯಿಂದ ಬಂದುದಲ್ಲ. ತಲೆತಲಾಂತರದಿಂದ ಗುರುಮನೆಗಳಲ್ಲಿ ನಡೆದುಬಂದ ಸಂಗೀತಾಭ್ಯಾಸವೇ ಅದರ ತಳಹದಿ. ಹರಿಹರವು ಕಾಶಿಯಿಂದ ಕಲಿಯಬೇಕಾದುದು ಇದನ್ನು. ಹೊರಗಿನಿಂದ ತಂದ ಧ್ವನಿಮುದ್ರಣವನ್ನು ಹೊಳೆಯ ದಂಡೆಯಲ್ಲಿ ಗಟ್ಟಿಯಾಗಿ ಹಾಕಿದರೆ ಪ್ರವಾಸಿಗೆ ಅದು ಎಲ್ಲಿಯೂ ಕೇಳಬಹುದಾದ ಸದ್ದು. ಈ ಸೀಮೆಯ ಕಲಾವಿದರು ಎದುರಿನಲ್ಲಿ ನಿಂತು ಹಾಡಿದರೆ ಅದು ಹರಿಹರದಲ್ಲಿ ಮಾತ್ರ ಸಿಗುವ ಅನುಭವ.

ವ್ಯವಸ್ಥೆಯ ಮೊದಲ ಹೆಜ್ಜೆ ಊರಿನ ನಾದದ ನಕ್ಷೆಯನ್ನು ತಯಾರಿಸುವುದು. ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಧ್ವನಿ ಕೇಳಿಬರುತ್ತದೆ? ಆಸ್ಪತ್ರೆ ಎಲ್ಲಿದೆ, ಶಾಲೆ ಎಲ್ಲಿದೆ? ಯಾವ ಧ್ವನಿ ಪರಂಪರೆಯಿಂದ ಬಂದುದು, ಯಾವುದು ನಿನ್ನೆ ಮೊನ್ನೆ ಬಂದುದು? ಇವುಗಳನ್ನು ಗುರುತಿಸಿಕೊಂಡ ಮೇಲೆ ವೇಳಾಪಟ್ಟಿಯನ್ನು ನಿಗದಿಮಾಡಬಹುದು. ಪೂಜೆ, ಪ್ರಾರ್ಥನೆಗಳ ವೇಳೆಯನ್ನು ಬಿಟ್ಟು ಸಂಗೀತ ಕಾರ್ಯಕ್ರಮಗಳನ್ನು ಗೊತ್ತುಮಾಡಿದರೆ ಒಂದು ಇನ್ನೊಂದನ್ನು ನುಂಗುವುದಿಲ್ಲ. ಸ್ಥಳದ ಆಯ್ಕೆಯೂ ಅಷ್ಟೇ ಮುಖ್ಯ. ಮೆಲುದನಿಯ ವಚನಗಾಯನ, ವೀಣೆ, ಕೊಳಲುಗಳಿಗೆ ಸಣ್ಣ ಆವರಣ ಒಪ್ಪುತ್ತದೆ. ಡೊಳ್ಳಿಗೆ ಬಯಲೇ ಬೇಕು. ಧ್ವನಿವರ್ಧಕವು ಅನಿವಾರ್ಯವಾದಲ್ಲಿ ಒಂದು ದೊಡ್ಡ ಯಂತ್ರಕ್ಕೆ ಬದಲಾಗಿ ಕೇಳುಗರ ನಡುವೆ ಅಲ್ಲಲ್ಲಿ ಸಣ್ಣ ಯಂತ್ರಗಳನ್ನು ಇಟ್ಟು, ಮನೆಗಳಿಗೆ ಬೆನ್ನುಮಾಡಿ ನಿಲ್ಲಿಸಬೇಕು. ಆಗ ಕಡಿಮೆ ಸದ್ದಿನಲ್ಲಿಯೇ ಎಲ್ಲರಿಗೂ ಕೇಳಿಸುತ್ತದೆ. ಕೇಳಬಯಸದವರಿಗೆ ತೊಂದರೆಯೂ ತಗ್ಗುತ್ತದೆ. ಮೌನಕ್ಕೂ ಒಂದಿಷ್ಟು ಜಾಗವನ್ನು ಮೀಸಲಿಡಬೇಕು. ಹೊಳೆಯ ದನಿಯನ್ನು ಕೇಳಲು ಬಯಸುವ ಪ್ರವಾಸಿಗಳೂ ಇರುತ್ತಾರೆ.

ಇಷ್ಟೆಲ್ಲವೂ ಇದ್ದು ಕಲಾವಿದನೇ ಸೊರಗಿದರೆ ವ್ಯವಸ್ಥೆಗೆ ಅರ್ಥವಿಲ್ಲ. ಡೊಳ್ಳು ಬಾರಿಸಲು ವಿದ್ಯುತ್ತು ಬೇಡ, ಲಾರಿ ಬೇಡ. ಆದರೆ ಬಾರಿಸುವವನಿಗೆ ಊಟ ಬೇಕು, ಮರ್ಯಾದೆ ಬೇಕು. ಅತಿಥಿಗಳ ಸ್ವಾಗತಕ್ಕಾಗಿ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಐದು ನಿಮಿಷ ಬಾರಿಸಿದೊಡನೆ ‘ಸಾಕು’ ಎಂದು ಕಳುಹಿಸುವುದು ಕಲೆಗೆ ತೋರುವ ಗೌರವವಲ್ಲ. ಮೇಳದ ಹೆಸರನ್ನೂ ಊರನ್ನೂ ಸಭೆಗೆ ತಿಳಿಸಬೇಕು. ಒಪ್ಪಿದ ಸಂಭಾವನೆಯನ್ನು ಅಂದೇ ಸಲ್ಲಿಸಬೇಕು. ಕಲೆಯ ಪೂರ್ಣ ರೂಪವನ್ನು ತೋರಿಸಲು ಸಾಕಷ್ಟು ವೇಳೆ ಕೊಡಬೇಕು. ಅವರ ಗಾಯನವನ್ನು ಧ್ವನಿಮುದ್ರಿಸಿ ಮಾರುವವರು ಅವರ ಒಪ್ಪಿಗೆ ಪಡೆಯುವುದು ನ್ಯಾಯ. ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶನ ನೀಡುವ ಕಲಾವಿದನಿಗೆ ಈ ಹಕ್ಕನ್ನು ಒದಗಿಸಿದೆ. ತಂದೆಯ ಡೊಳ್ಳಿಗೆ ಬೆಲೆಯಿದೆ ಎಂದು ಕಂಡಾಗ ಮಾತ್ರ ಮಗನು ಅದನ್ನು ಹೆಗಲಿಗೇರಿಸುತ್ತಾನೆ.

ನಾದದ ರಕ್ಷಣೆಯು ಸರ್ಕಾರದ ಅಥವಾ ದೇವಾಲಯದ ಆಡಳಿತದ ಹೊಣೆ ಮಾತ್ರವಲ್ಲ. ಗುಡಿಯ ಮಂಟಪದಲ್ಲಿ ಮೊಬೈಲಿನ ಹಾಡನ್ನು ನಿಲ್ಲಿಸುವುದು, ವಾದ್ಯ ನುಡಿಯುವಾಗ ಮಾತನಾಡದಿರುವುದು, ವಾಹನದ ಹಾರನ್ನನ್ನು ವೃಥಾ ಬಾರಿಸದಿರುವುದು ಇವು ಪ್ರವಾಸಿಗಳಾದ ಎಲ್ಲರ ಕರ್ತವ್ಯಗಳು. ತಮ್ಮ ಊರಿನ ಹಿರಿಯರ ಬಳಿ ಕುಳಿತು ಹಳೆಯ ಹಾಡುಗಳನ್ನು ಕೇಳಿ ಬರೆದಿಡುವುದು, ನಾದದ ನಕ್ಷೆಗೆ ಬೇಕಾದ ವಿವರಗಳನ್ನು ಕಲೆಹಾಕುವುದು ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ. ಪೊಲಾಳ್ವನು ಕಟ್ಟಿಸಿದ ಗುಡಿಯು ಎಂಟು ಶತಮಾನಗಳಿಂದ ನಿಂತಿದೆ. ಕಲ್ಲು ಯಾರೂ ಮುಟ್ಟದಿದ್ದರೆ ಉಳಿಯುತ್ತದೆ. ಹಾಡಿನ ನಿಯಮ ಇದಕ್ಕೆ ವಿರುದ್ಧವಾದುದು: ಹಾಡುವವರೂ ಕಿವಿಗೊಟ್ಟು ಕೇಳುವವರೂ ಇರುವವರೆಗೆ ಮಾತ್ರ ಅದು ಉಳಿಯುತ್ತದೆ.